ಇಲ್ಲ ಅನ್ನಬಾರದ ತೊಟ್ಟಿಲು

ಫೆಬ್ರವರಿ ೯

ತಮ್ಮಾ,

ನಿನಗೊಂದು ಪಾರ್ಸೆಲ್ ಕಳಿಸಿದ್ದೇನೆ. ಬಿಚ್ಚಿ ನೋಡಿದ ಕೂಡಲೇ ಫೋನ್ ಮಾಡಿ ಕೂಗಾಡಬೇಡ. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಅಂತ ಶುರು ಮಾಡಿ ಜಗಳದಲ್ಲಿ ಮುಗಿಸುತ್ತೇವೆ, ಕೊನೆಗೆ ನಾನು ಫಟ್ಟಂತ ಇಟ್ಟುಬಿಡುತ್ತೇನೆ. ಕಾಗದವೇ ವಾಸಿ. ನಿನ್ನ ಕೂಗು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಿನ್ನ ಸಿಟ್ಟೂ ಇಳಿದಿರುತ್ತದೆ, ನನ್ನದೂ.

ಒಳಗಿರುವುದು ನಮ್ಮ ತೊಟ್ಟಿಲಿನ ತಲೆಯ ಕಡೆಯ ಹಲಗೆ, ಮತ್ತು ತೂಗಲಿಕ್ಕೆ ಅದರ ಅಡಿಯಲ್ಲಿದ್ದ ಬಾಗಿದ ಪಟ್ಟಿ. ಹಲಗೆ ಸೀಳಿದೆ, ಪಟ್ಟಿ ಎರಡು ತುಂಡಾಗಿದೆ. ಅಟ್ಟದಿಂದ ಇಳಿಸುವಾಗ ಕೈಜಾರಿ ಬಿತ್ತು. ಉಳಿದ ಭಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಂಟನ ಹಾಗೆ ವಾಲಿಕೊಂಡು ನಿಂತಿದೆ. ಅಲ್ಲಿ ಬೇರೆ ಬಡಗಿಗಳಿಲ್ಲವೇ ಅಂತ ಕೇಳಬೇಡ. ಅಜ್ಜನ ಕೈಕೆಲಸಕ್ಕೆ ಹೊರಗಿನವರ ಉಳಿ ತಾಗುವುದು ನನಗಿಷ್ಟವಿಲ್ಲ. ಹಳೆ ಕುರ್ಚಿ ಮೇಜುಗಳ ಡಾಕ್ಟರು ನೀನು, ಇದನ್ನೂ ಒಂದು ಕೈ ನೋಡು. ಅವಸರವೇನಿಲ್ಲ. ಯಾರೂ ಕೇಳಿಲ್ಲ.

ಅಂಗಡಿ ಹೇಗೋ ನಡೆದಿದೆ. ಹೊಸ ಶಾಲೆಯ ಕಿಟಕಿಗಳಿಗೆಲ್ಲ ಗಾಜು ಕತ್ತರಿಸಿಕೊಡುವ ಕೆಲಸ ಸಿಕ್ಕಿದೆ, ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಬರೆಯುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿದ್ದ, ಗಾಜಿನ ಭರಣಿಗಳು ಬರುವ ಖಾಲಿ ಮರದ ಪೆಟ್ಟಿಗೆಗಳಲ್ಲಿ ಒಂದು ಕಾಣುತ್ತಿಲ್ಲ, ಯಾವ ಪುಣ್ಯಾತ್ಮ ಒಲೆಗೆ ಹಾಕಲು ಎತ್ತಿಕೊಂಡು ಹೋದನೋ. ನಮ್ಮ ಸೋದರತ್ತೆ ಸೊಂಟ ಹಿಡಿದುಕೊಂಡು ಮಲಗಿದ್ದಾಳೆ. ಈ ವಯಸ್ಸಿನಲ್ಲಿ ಏನು ಎತ್ತಲು ಹೋದೆ ಅಂದರೆ, "ನಿನ್ನ ಕೊಬ್ಬು ಎತ್ತಿದೆ ಕಣೇ, ಭಾರ ಆಯ್ತು" ಅಂತಾಳೆ. ಅದು ಬಿಟ್ಟರೆ ನನ್ನ ಜೊತೆ ಮಾತೇ ಇಲ್ಲ. ಅವಳ ಬಾಯಿ ಸುಮ್ಮನಿದ್ದರೆ ಮನೆ ಮನೆಯ ಹಾಗೇ ಇರುವುದಿಲ್ಲ.

ನಿನ್ನ ಹೆಂಡತಿಗೆ, ನನ್ನ ನಾದಿನಿಗೆ, ಕೇಳಿದೆ ಅಂತ ಹೇಳು.

ಅಕ್ಕ

---

ಫೆಬ್ರವರಿ ೧೭

ಅಕ್ಕಾ,

ಪಾರ್ಸೆಲ್ ಬಂತು. ಕೂಗಾಡಲು ಬಾಯಿ ತೆರೆದೆ, ಶಬ್ದವೇ ಬರಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನವನು "ಯಾಕೋ, ಯಾರಾದ್ರೂ ಹೋದ್ರಾ?" ಅಂತ ಕೇಳಿದ. ಅಷ್ಟು ಗಾಬರಿ ನನ್ನ ಮುಖದ ಮೇಲಿತ್ತಂತೆ.

ನಮ್ಮ ತೊಟ್ಟಿಲು ಮುರಿಯುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅತ್ತೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದದ್ದು ನೆನಪಿದೆಯಾ? ಅವಳು ಹುಟ್ಟಿದ ವಾರಕ್ಕೇ ಡಾಕ್ಟರು ಕೈಚೆಲ್ಲಿದ್ದು, ಅಜ್ಜ ತಾನೇ ಮಾಡಿದ ತೊಟ್ಟಿಲಿನ ಪಕ್ಕ ಮಂಡಿಯೂರಿ ಅತ್ತದ್ದು, ಆಗ ದೇವರು ಅಜ್ಜನಿಗೆ ಮಾತು ಕೊಟ್ಟದ್ದು. 'ಇದರಲ್ಲಿ ಮಲಗಿದ ಕೂಸನ್ನು ನಾನು ಕೈಬಿಡುವುದಿಲ್ಲ. ಬಾಗಿಲಿಗೆ ಬಂದು ಕೇಳಿದವರಿಗೆ ನೀವು ಇಲ್ಲ ಅನ್ನಬೇಡಿ.' ಅತ್ತೆ ಹಾಲು ಕುಡಿದಳು, ಬದುಕಿದಳು, ಇವತ್ತಿಗೂ ನಮ್ಮನ್ನು ಬೈಯುತ್ತಿದ್ದಾಳೆ. ಅಂದಿನಿಂದ ಯಾರೇ ಬಂದು ಕೇಳಲಿ, ನಮ್ಮ ಮನೆಯವರೇ ಒಬ್ಬರು ಹೊತ್ತುಕೊಂಡು ಹೋಗಿ ಅವರ ಹೊಸ್ತಿಲಲ್ಲಿ ಇಳಿಸಿ ಬರಬೇಕು. ಕೂಲಿಯವನ ಕೈಲಿ ಹೊರಿಸುವ ಹಾಗಿಲ್ಲ, ಬದಲಿಗೆ ಒಂದು ಲೋಟ ನೀರೂ ಕುಡಿಯುವ ಹಾಗಿಲ್ಲ. ಅಪ್ಪ ಎಷ್ಟು ಮನೆಗಳಿಗೆ ಹೊತ್ತ, ಆಮೇಲೆ ನೀನು ಎಷ್ಟು ಮನೆಗಳಿಗೆ ಹೊತ್ತೆ.

ಒಂದು ಮಾತು. ಬಿದ್ದ ಮರ ಹೀಗೆ ಮುರಿಯುವುದಿಲ್ಲ ಅಕ್ಕ. ಪಟ್ಟಿಯ ಮೇಲೆ ದುಂಡನೆಯ ತಗ್ಗುಗಳಿವೆ. ಸುತ್ತಿಗೆಯ ಪೆಟ್ಟು. ಮನೆಗೆ ಯಾರಾದರೂ ನುಗ್ಗಿದ್ದರಾ? ಪೆಟ್ಟಿಗೆ ಬೇರೆ ಕಾಣೆ ಅಂತೀಯ. ಹೆದರಿಕೊಂಡಿದ್ದರೆ ಹೇಳು, ರಜೆ ಹಾಕಿ ಬರುತ್ತೇನೆ. ನೀನು ಹೆದರಿದರೆ ನನ್ನ ಹತ್ತಿರವೂ ಹೇಳುವವಳಲ್ಲ, ಅದು ನನಗೆ ಗೊತ್ತು.

ನಿನ್ನ ನಾದಿನಿ ಚೆನ್ನಾಗಿದ್ದಾಳೆ. ಊಟ ಅಷ್ಟಕ್ಕಷ್ಟೆ. ಹವೆ ಒಗ್ಗಿಲ್ಲ, ಇನ್ನೇನಿಲ್ಲ.

ತಮ್ಮ

---

ಫೆಬ್ರವರಿ ೨೪

ತಮ್ಮಾ,

ಯಾರೂ ನುಗ್ಗಲಿಲ್ಲ. ಸುತ್ತಿಗೆ ನಮ್ಮ ಅಂಗಡಿಯದು. ಕೈ ನನ್ನದು.

ಬೈಯುವುದಿದ್ದರೆ ಪೂರ್ತಿ ಓದಿ ಬೈ. ಗಡಿಯಾರದವನ ಹೊಸ ಹೆಂಡತಿ ಬಂದಿದ್ದಳು. ಹೌದು, ಅದೇ ಗಡಿಯಾರ ರಿಪೇರಿಯವನು. ವರ್ಷಗಟ್ಟಲೆ ನನ್ನ ಗಂಡನಾಗಿದ್ದು, ನಿನ್ನಿಂದ ನನಗೆ ಮಕ್ಕಳಾಗಲ್ಲ ಅಂತ ಒಂದು ಭಾನುವಾರ ಬಟ್ಟೆ ಮಡಿಚಿಕೊಂಡು ಹೊರಟವನು. ಅವಳು ಹಿಂದಿನ ಬೀದಿಯ ಬ್ರೆಡ್ ಮಾರುವವಳ ಮಗಳು, ನಿನ್ನ ವಾರಿಗೆಯವಳು. ತುಂಬಿದ ಹೊಟ್ಟೆ ಹೊತ್ತುಕೊಂಡು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು.

"ಅಕ್ಕಾ, ತೊಟ್ಟಿಲು ಕೊಡ್ತೀರಾ? ನಾನೂ ಅದರಲ್ಲೇ ಮಲಗಿದವಳಂತೆ. ನಮ್ಮಮ್ಮ ಯಾವಾಗ್ಲೂ ಹೇಳ್ತಿದ್ರು."

ಅಕ್ಕ ಅಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಊರಿನವರ ಮಕ್ಕಳಿಗೆಲ್ಲ ಆ ತೊಟ್ಟಿಲು ಹೊತ್ತು ಹೊತ್ತು ನನ್ನ ಹೆಗಲು ಸವೆದಿದೆ. ಅದರೊಳಗೆ ನನ್ನದು ಅಂತ ಒಂದು ಕೂಸು ಮಲಗಲಿಲ್ಲ. ಈಗ ಅದನ್ನು ಅವನ ಹೊಸ್ತಿಲಲ್ಲಿ ನಾನೇ ಇಳಿಸಿ ಬರಬೇಕಾ?

"ಇಲ್ಲ" ಅಂದೆ.

"ಬೇರೆಯವರ ಮನೇಲಿದ್ಯಾ ಅಕ್ಕಾ? ಪರವಾಗಿಲ್ಲ, ಇನ್ನೂ ಟೈಮಿದೆ."

"ಇಲ್ಲೇ ಇದೆ. ನಿನಗೆ ಕೊಡಲ್ಲ."

ಅವಳು ಮೆಟ್ಟಿಲು ಇಳಿದು ಹೋದಳು. ಒಳಗಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. "ಈ ಬಾಗಿಲಲ್ಲಿ ನಿಂತು ಆಡಬಾರದ ಮಾತು ಕಣೇ ಅದು. ಹೋಗು, ಕರಿ ಅವಳನ್ನ" ಅಂದಳು. ನಾನು ಕರೆಯಲಿಲ್ಲ. ಅಟ್ಟಕ್ಕೆ ಹೋದೆ, ತೊಟ್ಟಿಲನ್ನು ಇಳಿಸಿದೆ, ನಾಳೆ ಮನಸ್ಸು ಕರಗಿದರೂ ಕೊಡಲಿಕ್ಕಾಗದ ಹಾಗೆ ಬಡಿದೆ. ಬಡಿದಾದ ಮೇಲೆ ನಾನು ಮಾಡಿದ್ದೇನು ಅಂತ ಹೊಳೆಯಿತು. ಮಾರನೆಯ ದಿನವೇ ನಿನಗೆ ಪಾರ್ಸೆಲ್ ಕಟ್ಟಿದೆ. ನೀನು ಸರಿಮಾಡಿ ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ.

ಈಗ ಕೇಳು. ಅವಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿದೆ. ಅಂಗೈಯಗಲ ಇದೆಯಂತೆ ಹೆಣ್ಣುಮಗು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಸಿರಿಗೆ ನಳಿಗೆ ಹಾಕಿದ್ದಾರೆ. ಹಾಲಿನವನು ಬಂದು ಹೇಳಿದಾಗ ನನ್ನ ಕೈಯಲ್ಲಿದ್ದ ಕನ್ನಡಿ ಅಲ್ಲೇ ಕೆಳಗೆ ಬಿತ್ತು.

ಅಜ್ಜನ ಕಾಲದಿಂದ ದೇವರು ತನ್ನ ಮಾತು ಉಳಿಸಿಕೊಂಡು ಬಂದ. ನಮ್ಮ ಕಡೆಯಿಂದ ಇದ್ದದ್ದು ಒಂದೇ ಮಾತು. ಅದನ್ನು ನಾನು ಮುರಿದೆ. ಇನ್ನು ಅವನ ಮಾತಿಗೆ ಅವನು ಯಾಕೆ ಅಂಟಿಕೊಂಡಿರಬೇಕು? ಆ ಮಗು ಹೋದರೆ ನಾನೇ ಕೊಂದ ಹಾಗೆ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಬೇರೆ ಕೆಲಸ ಬಿಟ್ಟು ಇದನ್ನು ಮೊದಲು ಮಾಡು.

ಅಕ್ಕ

---

ಮಾರ್ಚ್ ೨

ಅಕ್ಕಾ,

ಒಂದೇ ಒಂದು ವಿಷಯ ಅತ್ತೆಯನ್ನು ಕೇಳಿ ಬರೆ. ತೊಟ್ಟಿಲಿಗೆ ಈ ನೀಲಿ ಬಣ್ಣ ಬಳಿದವರು ಯಾರು? ಅಜ್ಜನಾ, ಅಪ್ಪನಾ?

ಯಾಕೆ ಅಂತ ಈಗ ಕೇಳಬೇಡ. ನನ್ನ ಕಣ್ಣು ಮೋಸ ಮಾಡಿರಬಹುದು. ಸದ್ಯಕ್ಕೆ ಕೆಲಸ ನಿಲ್ಲಿಸಿದ್ದೇನೆ.

ತಮ್ಮ

---

ಮಾರ್ಚ್ ೮

ಕೆಲಸ ನಿಲ್ಲಿಸಿದ್ದೇನೆ ಅಂದರೆ ಏನೋ ಅರ್ಥ? ನಾನು ಅಷ್ಟೆಲ್ಲ ಅತ್ತು ಬರೆದರೆ ನೀನು ಬಣ್ಣದ ವಿಚಾರ ಕೇಳುತ್ತೀಯ. ನನಗೆ ಶಿಕ್ಷೆ ಕೊಡುವುದಿದ್ದರೆ ಕೊಡು, ಆದರೆ ಆ ಮಗುವಿನ ಮೇಲೆ ನಿನ್ನ ಸಿಟ್ಟು ಬೇಡ. ನಾನು ಕೆಟ್ಟವಳು ಅಂತ ನನಗೆ ಗೊತ್ತಾಗಿದೆ, ನೀನು ಇನ್ನೊಮ್ಮೆ ಹೇಳಬೇಕಾಗಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಕಾರಿಡಾರಿನ ತುದಿಯಲ್ಲಿ ದೊಡ್ಡ ಗಾಜಿನ ಗೋಡೆಯಿದೆ, ಅದರಾಚೆ ಸಾಲಾಗಿ ಪೆಟ್ಟಿಗೆಗಳು. ಗಡಿಯಾರದವನು ನನಗೆ ಬೆನ್ನು ಹಾಕಿ ಗಾಜಿಗೆ ಹಣೆಯಿಟ್ಟು ನಿಂತಿದ್ದ. ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದ, ನಿಂತುಹೋದ ಗಡಿಯಾರ ಈಗ ಓಡೀತು, ಆಗ ಓಡೀತು ಅಂತ ನೋಡುವವನ ಹಾಗೆ. ಅವನ ಮೇಲೆ ಸಿಟ್ಟು ಬರಲಿ ಅಂತ ಕಾದೆ. ಬರಲಿಲ್ಲ. ತಿರುಗಿ ಬಂದುಬಿಟ್ಟೆ.

ಅತ್ತೆಯನ್ನು ಕೇಳಿದೆ. ಬಣ್ಣ ಬಳಿದದ್ದು ಯಾರು ಅಂತ ಬಾಯಿಂದ ಬಂದದ್ದೇ ತಡ, ಅವಳ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. "ಅವನಿಗೆ ಗೊತ್ತಾಗೋಯ್ತಾ?" ಅಂದಳು. ಏನು ಗೊತ್ತಾಗುವುದು ಅಂದರೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ನೀವಿಬ್ಬರೂ ಸೇರಿ ನನ್ನಿಂದ ಏನು ಮುಚ್ಚಿಡುತ್ತಿದ್ದೀರಿ?

ಅಕ್ಕ

---

ಮಾರ್ಚ್ ೧೩

ಅಕ್ಕಾ,

ಶಿಕ್ಷೆ ಅಲ್ಲ. ಹೇಗೆ ಬರೆಯಬೇಕು ಅಂತ ಗೊತ್ತಾಗದೆ ನಿಲ್ಲಿಸಿದ್ದೆ. ಕೂತು ಓದು.

ಸೀಳು ಎಲ್ಲಿಯ ತನಕ ಹೋಗಿದೆ ನೋಡೋಣ ಅಂತ ಹಲಗೆಯ ಒಳಮೈಯ ಬಣ್ಣ ಕೆರೆದೆ. ಅಡಿಯಲ್ಲಿ ಕಪ್ಪು ಶಾಯಿ ಕಾಣಿಸಿತು. ಇನ್ನಷ್ಟು ಕೆರೆದೆ. ಅಕ್ಷರಗಳು. ಅಚ್ಚಿಟ್ಟು ಒತ್ತಿದ ದಪ್ಪ ಅಕ್ಷರಗಳು. 'ಗಾಜು. ಜೋಪಾನ. ಒಡೆಯುವ ಸಾಮಾನು.'

ನಮ್ಮ ಅಂಗಡಿಗೆ ಭರಣಿಗಳು ಬರುತ್ತವಲ್ಲ, ಆ ಪೆಟ್ಟಿಗೆಯ ಹಲಗೆ ಅಕ್ಕ ಇದು! ಅಪ್ಪ ಗಾಜಿನ ಅಂಗಡಿ ಇಟ್ಟದ್ದೇ ಅಜ್ಜ ಹೋದ ಮೇಲೆ. ಅಜ್ಜ ಜನ್ಮದಲ್ಲಿ ಮೊಳೆ ಹೊಡೆದವನಲ್ಲ, ಮರಕ್ಕೆ ಮರದ ಗೂಟ ಕೂರಿಸುತ್ತಿದ್ದವನು. ಇದರ ತುಂಬ ಮೊಳೆಗಳು, ಅವೂ ಸೊಟ್ಟ. ಕಾರ್ಖಾನೆಯ ನಡುವೆ ಗರಬಡಿದವನ ಹಾಗೆ ಆ ಹಲಗೆ ಹಿಡಿದುಕೊಂಡು ನಿಂತಿದ್ದೆ.

ನಾವು ಇಷ್ಟು ವರ್ಷ ಹೊತ್ತು ತಿರುಗಿದ್ದು ಏನನ್ನು? ಅಜ್ಜನ ತೊಟ್ಟಿಲು ಎಲ್ಲಿ? ಅಪ್ಪ ಅದನ್ನು ಏನು ಮಾಡಿ, ಈ ಹಲಗೆ ಚೂರುಗಳಿಗೆ ಬಣ್ಣ ಬಳಿದು, ಜನರ ಕಣ್ಣಿಗೆ ಮಣ್ಣೆರಚಿದ? ಆ ತಾಯಂದಿರು ಕಣ್ಣಿಗೊತ್ತಿಕೊಂಡು ಮಗುವನ್ನು ಮಲಗಿಸುತ್ತಿದ್ದರಲ್ಲ, ಅದು ಬರೀ ಪೆಟ್ಟಿಗೆಯ ಮುಂದೆ! ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗೆ ಅವನು ಬದುಕಿದ್ದಿದ್ದರೆ ಏನಂದುಬಿಡುತ್ತಿದ್ದೆನೋ.

ನೀನು ಹೆದರಬೇಡ. ನೀನು ಮುರಿದದ್ದು ಏನೂ ಅಲ್ಲ, ಮುರಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಮಾತೂ ಇಲ್ಲ, ಮಣ್ಣೂ ಇಲ್ಲ. ಆ ಮಗು ಬದುಕಿದರೆ ಡಾಕ್ಟರ ಕೈಗುಣ, ಹೋದರೆ ಅದರ ಹಣೆಬರಹ. ಈ ತಿಂಗಳು, ಬೇರೆ ಎಲ್ಲ ತಿಂಗಳಿಗಿಂತ ಹೆಚ್ಚಾಗಿ ಈ ತಿಂಗಳು, ಆ ಮಾತು ನಿಜವಾಗಿರಬೇಕಿತ್ತು ಅಂತ ನನಗೆಷ್ಟು ಅನ್ನಿಸಿದೆ ನಿನಗೆ ಗೊತ್ತಿಲ್ಲ. ಹೋಗಲಿ ಬಿಡು.

ತಮ್ಮ

---

ಮಾರ್ಚ್ ೧೯

ತಮ್ಮಾ,

ನಿನ್ನ ಕಾಗದವನ್ನು ಅತ್ತೆಯ ಹಾಸಿಗೆಯ ಪಕ್ಕ ನಿಂತು ಜೋರಾಗಿ ಓದಿದೆ. ಒಂದು ಅಕ್ಷರ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ, "ಕೂತ್ಕೋ. ನಿಂತು ಕೇಳೋ ಮಾತಲ್ಲ ಇದು" ಅಂದಳು. ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಹೇಳಲು ಬರುವುದಿಲ್ಲ.

"ನಿಮ್ಮಮ್ಮ ನಿನ್ನ ತಮ್ಮನನ್ನ ಹೆತ್ತು ಹೋದ್ಲಲ್ಲ, ಮಣ್ಣು ಮಾಡಿ ಬಂದ ಮಧ್ಯಾಹ್ನ ನಿಮ್ಮಪ್ಪ ಚಪ್ಪಲಿ ಕೂಡ ಬಿಡದೆ ಸೀದಾ ಒಳಗೆ ಹೋದ. ತೊಟ್ಟಿಲು ಎಳಕೊಂಡು ಹಿತ್ತಲಿಗೆ ಬಂದ. ಕೊಡಲಿ ತಗೊಂಡ. 'ಕೈಬಿಡಲ್ಲ ಅಂದ್ಯಲ್ಲ, ಕೈಬಿಡಲ್ಲ ಅಂದ್ಯಲ್ಲ' ಅಂತ ಒಂದೊಂದು ಏಟಿಗೂ ಕೂಗ್ತಾನೆ. ನಾನು ಹೋಗಿ ಕೈ ಹಿಡಿದೆ, ನನ್ನನ್ನೂ ತಳ್ಳಿಬಿಟ್ಟ. ನಾನು ಬದುಕಿದ ತೊಟ್ಟಿಲು ಕಣೇ ಅದು! ನೀರೊಲೆಗೆ ತುಂಬಿ ಬೆಂಕಿ ಇಟ್ಟ. ನೀನು ಆಗ ಪಕ್ಕದ ಮನೇಲಿ ಅಳ್ತಾ ಮಲಗಿದ್ದೆ, ನಿನಗೇನು ಗೊತ್ತು.

"ಬೆಂಕಿ ಇನ್ನೂ ಆರಿಲ್ಲ, ಬಾಗಿಲು ತಟ್ಟಿದ ಸದ್ದು. ನೋಡಿದ್ರೆ ಬ್ರೆಡ್ ಮಾರೋಳು. ಹಸಿ ಬಾಣಂತಿ, ಕಂಕುಳಲ್ಲಿ ಕೂಸು. ನಮ್ಮನೇಲಿ ಏನಾಗಿದೆ ಅನ್ನೋದು ಅವಳಿಗೆ ಯಾರೂ ಹೇಳಿಲ್ಲ. 'ಅಣ್ಣಾ, ತೊಟ್ಟಿಲು ಕೊಡ್ತೀರಾ?' ಅಂದ್ಲು. ನಿಮ್ಮಪ್ಪ ಮೈಯೆಲ್ಲ ಮಸಿ ಮಾಡ್ಕೊಂಡು ನಿಂತಿದ್ದ. ಇಲ್ಲ ಅಂತಾನೆ ಅಂತ ನಾನು ಅಂದ್ಕೊಂಡೆ. ಬಾಯಿ ತೆಗೆದ, ಇಲ್ಲ ಅನ್ನಕ್ಕೆ ಬಾಯಿ ಬರಲಿಲ್ಲ. 'ಸಂಜೆ ತಂದುಕೊಡ್ತೀನಿ' ಅಂದ.

"ಅಂಗಡಿಯಿಂದ ಎರಡು ಪೆಟ್ಟಿಗೆ ತಂದು ಬಿಚ್ಚಿದ. ಅವನಿಗೆ ಮರದ ಕೆಲಸ ಎಲ್ಲಿ ಬರ್ತಿತ್ತು? ಗಾಜು ಕತ್ತರಿಸೋ ಕೈ ಅದು. ಅಳ್ತಾ ಅಳ್ತಾ ಮೊಳೆ ಹೊಡೆದ, ಸೊಟ್ಟ ಆಗದೆ ಇನ್ನೇನಾಗುತ್ತೆ? ಕಿಟಕಿಗೆ ಬಳಿದು ಮಿಕ್ಕಿದ್ದ ನೀಲಿ ಬಳಿದ. ಬಣ್ಣ ಒಣಗೋ ಮೊದಲೇ ಹೊತ್ಕೊಂಡು ಹೋದ, ಅಂಗಿಗೆಲ್ಲ ಮೆತ್ಕೊಂಡಿತ್ತು.

"ಅವನ ಹಿಂದೇನೇ ನಾನೂ ಹೋದೆ, ನಿನ್ನ ತಮ್ಮನನ್ನ ಎತ್ಕೊಂಡು. ಇವನಿಗೆ ಹಾಲಿಲ್ಲ, ಅಳೋಕೂ ತ್ರಾಣ ಇಲ್ಲ, ಇದೂ ಉಳಿಯಲ್ಲ ಅಂದಿದ್ರು. ಅವಳು ಇಸ್ಕೊಂಡು ಎದೆಗೆ ಹಾಕ್ಕೊಂಡ್ಲು. ತನ್ನ ಮಗಳನ್ನ ಒಂದು ತುದಿಗೆ, ಇವನನ್ನ ಒಂದು ತುದಿಗೆ, ಇಬ್ಬರನ್ನೂ ಆ ಪೆಟ್ಟಿಗೇಲೇ ಮಲಗಿಸಿದ್ಲು."

ಓದಿದೆಯಾ? ನಾನು ಬಾಗಿಲಲ್ಲಿ ನಿಲ್ಲಿಸಿ ಇಲ್ಲ ಅಂದದ್ದು ಯಾರಿಗೆ ಅಂತ ಗೊತ್ತಾಯಿತಾ? ನಿನ್ನ ಜೊತೆ ಒಂದೇ ಎದೆಹಾಲು ಕುಡಿದು, ನಿನ್ನ ಕಾಲ ಹತ್ತಿರ ತಲೆಯಿಟ್ಟು ಮಲಗಿದವಳಿಗೆ. ಅವಳಮ್ಮ ಸಾಯುವ ತನಕ ನಮ್ಮ ಮನೆಗೆ ದಿನಾ ಬ್ರೆಡ್ ಕೊಟ್ಟು ಹೋಗುತ್ತಿದ್ದಳು, ಒಂದು ದಿನ ಈ ಮಾತು ಆಡಲಿಲ್ಲ.

ನಾನು ಕೇಳಿದೆ, "ಅಪ್ಪ ಆಮೇಲೆ ಯಾಕೆ ಹೇಳಲಿಲ್ಲ ಅತ್ತೆ?"

"ಶಿಕ್ಷೆ ಬರುತ್ತೆ ಅಂತ ಕಾಯ್ತಿದ್ದ. ಇವನು ಹೋಗ್ತಾನೆ, ಆ ಕೂಸು ಹೋಗುತ್ತೆ, ಅಂಗಡಿ ಹೋಗುತ್ತೆ ಅಂತ. ಇಬ್ಬರೂ ಗುಂಡಗುಂಡಗೆ ಆದ್ರು. ಇನ್ನೊಬ್ಬರು ಬಂದು ಕೇಳಿದ್ರು, ಹೊತ್ತ. ಆ ಮಗೂನೂ ಚೆನ್ನಾಗಿ ಬೆಳೀತು. ಪ್ರತಿ ಸಲ ತೊಟ್ಟಿಲು ವಾಪಸ್ ಬಂದಾಗ್ಲೂ ಸಿಡಿಲು ಬಡಿದೋನ ಹಂಗೆ ಕೂತ್ಬಿಡ್ತಿದ್ದ. ಬೈದಿದ್ರೆ, ಹೊಡೆದಿದ್ರೆ ತಡ್ಕೊಂಡಿರ್ತಿದ್ದ. ದೇವರು ಏನೂ ಮಾಡ್ಲಿಲ್ಲ ನೋಡು, ಅದಕ್ಕೇ ಅವನಿಗೆ ನಡುಕ."

"ಅಜ್ಜನ ತೊಟ್ಟಿಲೇ ಸುಟ್ಟುಹೋದ ಮೇಲೆ ಆ ಮಾತು ಹೇಗೆ ಉಳೀತು?"

ಅತ್ತೆ ಕಣ್ಣು ಬಿಟ್ಟು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಮಾತು ಕೊಟ್ಟಿದ್ದು ಮರಕ್ಕೇನೇ? ಮಾತು ಕೊಟ್ಟೋನು ಮರವೇನೇ?" ಅಂದಳು. ಅಷ್ಟು ಹೇಳಿ ಸೊಂಟ ನೋವು ಅಂತ ಗೋಡೆಯ ಕಡೆ ತಿರುಗಿಕೊಂಡಳು.

ಅಪ್ಪ ಕೊಡಲಿ ಎತ್ತಿದ, ನಾನು ಸುತ್ತಿಗೆ ಎತ್ತಿದೆ, ಒಂದೇ ರಕ್ತ. ಆದರೆ ಅವನು ಸಂಜೆಯೊಳಗೆ ಇನ್ನೊಂದು ಮಾಡಿ ಹೊತ್ತುಕೊಂಡು ಹೋದ. ನಾನು ಪಾರ್ಸೆಲ್ ಕಟ್ಟಿ ಕೂತೆ. ನಮ್ಮ ಕಡೆಯಿಂದ ಆ ಮನೆಗೆ ಇನ್ನೂ ಏನೂ ಹೋಗಿಲ್ಲ. ಹಾಗಿದ್ದರೂ ಇವತ್ತು ಆ ಮಗುವಿನ ನಳಿಗೆ ತೆಗೆದರಂತೆ, ತಾನೇ ಉಸಿರಾಡುತ್ತಿದೆಯಂತೆ. ಕೇಳಿ ಸಂತೋಷ ಪಡಬೇಕೋ ಹೆದರಬೇಕೋ ತಿಳಿಯದೆ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ಬೇಗ ಕಳಿಸು. ಮಗು ಮನೆಗೆ ಬರುವಷ್ಟರಲ್ಲಾದರೂ ನಾನು ಹೊರಬೇಕು.

ಅಕ್ಕ

---

ಮಾರ್ಚ್ ೨೬

ಅಕ್ಕಾ,

ಹಲಗೆ, ಪಟ್ಟಿ ಎರಡೂ ಕಳಿಸಿದ್ದೇನೆ. ಸೀಳಿಗೆ ಒಳಗಿಂದ ಮರ ಕೂರಿಸಿ ಅಂಟು ಹಾಕಿದ್ದೇನೆ, ಪಟ್ಟಿ ಮಾತ್ರ ಹೊಸದು. ಅಪ್ಪನ ಸೊಟ್ಟ ಮೊಳೆಗಳನ್ನು ಕೀಳಲಿಲ್ಲ. ಕೆರೆದ ಕಡೆ ಮತ್ತೆ ಬಣ್ಣ ಬಳಿಯಲಿಲ್ಲ. ಒಳಗೆ ಮಲಗಿದ ಮಗುವಿನ ತಲೆಯ ಮೇಲೆ ಆ ಅಕ್ಷರಗಳು ಇರಲಿ.

ನಿನ್ನ ಕಾಗದ ಓದಿ ನಾನು ಆ ದಿನ ಮನೆಗೆ ನಡೆದುಕೊಂಡೇ ಹೋದೆ. ಬಸ್ಸು ಹತ್ತುವುದೇ ಮರೆತುಹೋಗಿತ್ತು. ಅಮ್ಮ ನನ್ನನ್ನು ಹೆತ್ತು ಹೋದಳು ಅನ್ನುವುದು ಗೊತ್ತಿತ್ತು, ಅದರ ಭಾರ ಒಂದು ಮೂಲೆಯಲ್ಲಿ ಯಾವಾಗಲೂ ಇದ್ದೇ ಇತ್ತು. ಆದರೆ ನಮ್ಮಪ್ಪ ದೇವರ ಮಾತನ್ನು ಕೊಡಲಿಯಿಂದ ಕಡಿದ ದಿನವೇ ಆ ಮಾತು ನನ್ನನ್ನು ಎತ್ತಿಕೊಂಡಿತ್ತು ಅನ್ನುವುದನ್ನು ನಾನು ಎಲ್ಲಿಡಲಿ? ಹೋದ ಕಾಗದದಲ್ಲಿ ಮಾತೂ ಇಲ್ಲ, ಮಣ್ಣೂ ಇಲ್ಲ ಅಂತ ಬರೆದವನು ನಾನೇ. ಅದನ್ನು ಬರೆದ ಕೈಯೇ ಆ ಮಾತಿನಿಂದ ಬೆಳೆದದ್ದು. ನಾಚಿಕೆಯಾಗುತ್ತಿದೆ.

ಈಗ ನಿನಗೆ ಹೇಳದೆ ಇಟ್ಟದ್ದನ್ನು ಹೇಳುತ್ತೇನೆ. ನಿನ್ನ ನಾದಿನಿಗೆ ಹವೆ ಒಗ್ಗದೆ ಇರುವುದಲ್ಲ. ಅವಳು ಬಸುರಿ. ಹಿಂದೊಂದು ಸಲ ಆಗಿ ಕಳೆದುಹೋಗಿತ್ತು, ಅದನ್ನೂ ನಿನಗೆ ಹೇಳಿರಲಿಲ್ಲ. ನಿನಗೆ ಮಕ್ಕಳ ಸುದ್ದಿ ಹೇಗೆ ಹೇಳುವುದು ಅಂತ ನಾಲಿಗೆ ಏಳುತ್ತಿರಲಿಲ್ಲ. ಈ ಸಲವೂ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ. ಬಾಗಿಲಿಗೆ ಬಂದು ಕೇಳಬೇಕು ಅನ್ನುವುದು ನಮ್ಮ ಮನೆಯ ರೀತಿ. ಅವಳು ಬರುವ ಹಾಗಿಲ್ಲ, ಅವಳನ್ನು ಬಿಟ್ಟು ನಾನೂ ಬರುವ ಹಾಗಿಲ್ಲ.

ಮೊದಲು ಆ ಮನೆಗೆ ಹೊತ್ತುಕೊಂಡು ಹೋಗು. ಅಲ್ಲಿ ಕೆಲಸ ಮುಗಿದ ಮೇಲೆ, ನಮಗೂ ಕೊಡ್ತೀಯಾ ಅಕ್ಕ?

ತಮ್ಮ

---

ಏಪ್ರಿಲ್ ೪

ತಮ್ಮಾ,

ನಿನ್ನ ಪಾರ್ಸೆಲ್ ಬಂದ ದಿನವೇ ಮಗು ಮನೆಗೆ ಬಂದಿದೆ ಅಂತ ಸುದ್ದಿ ಸಿಕ್ಕಿತು. ಹಲಗೆ ಕೂರಿಸಿದೆ, ಪಟ್ಟಿ ಬಿಗಿದೆ, ತೊಟ್ಟಿಲು ಹೆಗಲಿಗೇರಿಸಿದೆ. ಹಾಡುಹಗಲಲ್ಲಿ, ಬೀದಿಯ ಜನರೆಲ್ಲ ಕಣ್ಣು ಕಣ್ಣು ಬಿಟ್ಟು ನೋಡುತ್ತಿರುವಾಗ, ನನ್ನನ್ನು ಬಿಟ್ಟುಹೋದವನ ಮನೆಯ ಕಡೆ ನಡೆದೆ. ಕಾಲು ಹಿಂದಕ್ಕೆ ಎಳೆಯುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆಗೆದವನು ಅವನೇ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇದ್ದ. ನನ್ನನ್ನು ನೋಡಿದ, ಹೆಗಲ ಮೇಲಿನ ತೊಟ್ಟಿಲು ನೋಡಿದ, ಕನ್ನಡಿ ತೆಗೆದು ಮತ್ತೆ ನೋಡಿದ.

"ಇನ್ನೊಂದಾ?" ಅಂದ.

ನನಗೆ ಅರ್ಥವಾಗಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಒಳಗಿಂದ ಅವಳು "ಯಾರು? ಅಕ್ಕನಾ? ಒಳಗೆ ಕರೀರಿ" ಅಂದಳು. ತೊಟ್ಟಿಲನ್ನು ಹೊಸ್ತಿಲಲ್ಲಿ ಇಳಿಸಿ ಒಳಗೆ ಹೋದೆ. ಗೋಡೆಯ ತುಂಬ ಗಡಿಯಾರಗಳು, ಒಂದೂ ಸದ್ದು ಮಾಡುತ್ತಿರಲಿಲ್ಲ. ಮಗು ಏಳಬಾರದು ಅಂತ ಎಲ್ಲವನ್ನೂ ನಿಲ್ಲಿಸಿಟ್ಟಿದ್ದ. ನೆಲದ ಮೇಲೆ, ಅವಳ ಹಾಸಿಗೆಯ ಪಕ್ಕದಲ್ಲಿ, ಒಂದು ಮರದ ಪೆಟ್ಟಿಗೆ. ಅದರ ಹೊರಮೈಯಲ್ಲಿ ಕಪ್ಪು ಅಕ್ಷರಗಳು, ಅಡಿಯಲ್ಲಿ ನಮ್ಮ ಅಂಗಡಿಯ ಗುರುತು. ಅದರೊಳಗೆ ನಮ್ಮ ಮನೆಯ ಹಳೆಯ ದಿಂಬು, ನನ್ನದೇ ಹಳೆಯ ಶಾಲು, ನಡುವೆ ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿರುವ ಕೂಸು.

ಕಾಣೆಯಾಗಿದ್ದ ಭರಣಿ ಪೆಟ್ಟಿಗೆ ತಮ್ಮಾ!

ಗೋಡೆ ಹಿಡಿದುಕೊಂಡೆ. ಅವಳು ಹೇಳಿದಳು, "ನಾನು ಕೇಳಿ ಬಂದ ಮಾರನೇ ದಿನವೇ ನಿಮ್ಮತ್ತೆ ತಂದಿಟ್ರಲ್ಲ ಅಕ್ಕ. ಒಬ್ಬರೇ ಹೊತ್ಕೊಂಡು ಬಂದ್ರು, ಏದುಸಿರು ಬಿಡ್ತಿದ್ರು. 'ಇದು ನಮ್ಮನೆ ತೊಟ್ಟಿಲು, ಮನೆಯವಳು ನಾನೇ ಹೊತ್ತು ತಂದಿದೀನಿ, ಇದರಲ್ಲಿ ಮಲಗಿದ ಕೂಸನ್ನ ದೇವರು ಕೈಬಿಡಲ್ಲ' ಅಂದ್ರು. ನೀರು ಕೊಟ್ರೂ ಕುಡೀಲಿಲ್ಲ. ನಿಮಗೆ ಸಿಟ್ಟು ಇಳಿದು ನೀವೇ ಕಳಿಸಿದ್ದು ಅಂದ್ಕೊಂಡ್ವಿ. ಆಸ್ಪತ್ರೇಲಿ ದಿನಾ ನಿಮ್ಮನ್ನ ನೆನೆಸ್ಕೊಂಡು ಪ್ರಾರ್ಥನೆ ಮಾಡ್ತಿದ್ವಿ. ಅಷ್ಟೆಲ್ಲ ಆದ ಮೇಲೂ ನಮಗೆ ಇಲ್ಲ ಅನ್ನಲಿಲ್ಲ ಇವರು ಅಂತ."

ನಾನು ಸುಮ್ಮನಿದ್ದುಬಿಡಬಹುದಿತ್ತು. ಆ ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ಬಂದುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ನಾನು ಕಳಿಸಲಿಲ್ಲ. ನಾನು ನಿನಗೆ ಕೊಡಬಾರದು ಅಂತ ತೊಟ್ಟಿಲು ಒಡೆದುಹಾಕಿದೆ. ಸುತ್ತಿಗೆಯಿಂದ" ಅಂದೆ. ಗಡಿಯಾರದವನು ಬಾಗಿಲಲ್ಲೇ ನೆಲ ನೋಡುತ್ತಾ ನಿಂತ. ಅಷ್ಟರಲ್ಲಿ ಕೂಸು ಕಣ್ಣು ಬಿಟ್ಟು ಒಂದು ಸಣ್ಣ ಸದ್ದು ಮಾಡಿತು. ಅವಳು ಪೆಟ್ಟಿಗೆಯಿಂದ ಅದನ್ನೆತ್ತಿ, ನನ್ನನ್ನೇ ನೋಡುತ್ತಾ ಕೂತಳು. ಬಾಗಿಲು ತೋರಿಸುತ್ತಾಳೆ ಅಂದುಕೊಂಡೆ.

"ಹಿಡ್ಕೊಳ್ಳಿ ಅಕ್ಕ" ಅಂದಳು. "ಇವಳಿಗೆ ಬಟ್ಟೆ ಬದಲಾಯಿಸಬೇಕು, ದಿಂಬು ಕೊಡವಿ ಹಾಕ್ತೀನಿ."

ದಿನವಿಡೀ ಗಾಜು ಹಿಡಿಯುವ ಕೈ ನನ್ನದು, ಅದನ್ನೇ ಚಾಚಿದೆ. ಕೂಸನ್ನು ಹಿಡಿದುಕೊಂಡು ಗಳಗಳ ಅತ್ತೆ, ನಾಚಿಕೆಯೂ ಆಗಲಿಲ್ಲ. ಅವಳು ದಿಂಬು ಕೊಡವಿದ ಮೇಲೆ ನಾನೇ ಪೆಟ್ಟಿಗೆಯಲ್ಲಿ ಮಲಗಿಸಿದೆ. ಊರಿಗೆಲ್ಲ ತೊಟ್ಟಿಲು ಹೊತ್ತವಳು ಒಂದು ಕೂಸನ್ನು ಕೈಯಾರೆ ಮಲಗಿಸಿದ್ದು ಅದೇ ಮೊದಲು. ತೊಟ್ಟಿಲು ತಂದಿದ್ದೇನಲ್ಲ ಅಂದರೆ, "ಇದಕ್ಕೇ ಒಗ್ಗಿಕೊಂಡಿದಾಳೆ, ಅದು ಬೇರೆಯವರಿಗೆ ಬೇಕಾಗುತ್ತೆ" ಅಂದಳು.

ಅದನ್ನು ಮತ್ತೆ ಹೆಗಲಿಗೇರಿಸಿ ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ನನ್ನಿಂದ ಯಾಕೆ ಮುಚ್ಚಿಟ್ಟೆ, ನಾನು ಇಲ್ಲಿ ದಿನಾ ಸತ್ತು ಹುಟ್ಟುತ್ತಿದ್ದೆನಲ್ಲ ಅಂದೆ. "ಹೇಳಿದ್ದಿದ್ರೆ ಆ ಪೆಟ್ಟಿಗೇನೂ ಒಡೆದು ಬರ್ತಿದ್ದೆ" ಅಂದಳು. ಎಣ್ಣೆ ಸೀಸೆ ನನ್ನ ಕೈಗಿಟ್ಟು, "ನೀನು ಇಲ್ಲ ಅಂದ್ರೆ ದೇವರೂ ಇಲ್ಲ ಅಂತಾನೆ ಅಂದ್ಕೊಂಡಿದ್ಯಾ? ಹುಚ್ಚಿ" ಅಂದಳು. ಆಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡಳು.

ನಿನ್ನ ಮೇಲೆ ಸಿಟ್ಟಿದೆ. ನಿನ್ನ ಮಗುವಿನ ಸುದ್ದಿಗೆ ನಾನು ಹೊಟ್ಟೆ ಉರಿದುಕೊಳ್ಳುತ್ತೇನೆ ಅಂದುಕೊಂಡೆಯಲ್ಲ, ಅದಕ್ಕೆ. ಉರಿದುಕೊಳ್ಳುತ್ತಿದ್ದೆನೋ ಏನೋ, ಎರಡು ತಿಂಗಳ ಹಿಂದೆ. ನಾದಿನಿಗೆ ಏಳಬೇಡ ಅಂತ ನನ್ನ ಹೆಸರು ಹೇಳಿ ಗದರಿಸು.

ಕಾಗದದಲ್ಲಿ ಕೇಳಿದರೂ ಬಾಗಿಲಲ್ಲಿ ಕೇಳಿದ ಹಾಗೇ ಅಂತ ಅತ್ತೆಯ ತೀರ್ಪಾಗಿದೆ. ಶನಿವಾರ ಅಂಗಡಿ ಮುಚ್ಚಿ ತೊಟ್ಟಿಲಿನ ಜೊತೆ ರೈಲು ಹತ್ತುತ್ತೇನೆ. ಇಷ್ಟು ಬೇಗ ಯಾಕೆ, ಇನ್ನೂ ತಿಂಗಳುಗಳಿವೆಯಲ್ಲ ಅನ್ನಬೇಡ. ನನ್ನನ್ನು ನಾನು ಅಷ್ಟು ದಿನ ನಂಬುವುದಿಲ್ಲ. ನೀನು ಸ್ಟೇಷನ್ನಿಗೆ ಬರಬೇಡ, ಬಂದರೆ ನನ್ನ ಕೈಯಿಂದ ಕಿತ್ತುಕೊಂಡು ನೀನೇ ಹೊರುತ್ತೀಯ. ಹೊಸ್ತಿಲ ತನಕ ನಾನೇ ಹೊರಬೇಕು. ನಿಮ್ಮ ಮೆಟ್ಟಿಲು ಇಕ್ಕಟ್ಟು, ತೊಟ್ಟಿಲು ಅಗಲ. ಬಾಗಿಲಿನ ಎರಡೂ ಕದ ತೆಗೆದಿಡು.

ಅಕ್ಕ